ಮನೆಯ ಎಂ.ಸಿ.ಬಿ. ಪದೇ ಪದೇ ಟ್ರಿಪ್ ಆಗುತ್ತಿದ್ದಲ್ಲಿ: ಅರ್ಜಿ ಸಲ್ಲಿಸುವ ಮುನ್ನ ಗ್ರಾಹಕರು ತಿಳಿದಿರಬೇಕಾದ ವಿಷಯಗಳು

ಮನೆಯ ವಿತರಣಾ ಪೆಟ್ಟಿಗೆಯಲ್ಲಿನ ಸ್ವಿಚ್ ಪದೇ ಪದೇ ಕೆಳಗೆ ಬೀಳುತ್ತಿದ್ದಲ್ಲಿ ಗ್ರಾಹಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಎಂ.ಸಿ.ಬಿ.ಯ ಸಾಮರ್ಥ್ಯ ಸಾಲದು, ಹೆಚ್ಚಿನ ಆಂಪಿಯರ್‌ನದನ್ನು ಹಾಕಿಸಬೇಕು ಎಂಬುದು ಒಂದು. ಮಂಜೂರಾದ ವಿದ್ಯುತ್ ಭಾರ ಸಾಲದು, ಹೆಚ್ಚುವರಿ ಭಾರಕ್ಕೆ ಅರ್ಜಿ ಸಲ್ಲಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ಅಪಾಯಕರ. ಎರಡನೆಯದು ಕೆಲವು ಸಂದರ್ಭಗಳಲ್ಲಿ ಮಾತ್ರ ಸರಿಯಾದ ಕ್ರಮ. ಉಳಿದ ಸಂದರ್ಭಗಳಲ್ಲಿ ಠೇವಣಿ ಹಾಗೂ ಮಾಸಿಕ ನಿಗದಿತ ಶುಲ್ಕ ಹೆಚ್ಚಾಗುವುದೇ ಹೊರತು ದೋಷ ನಿವಾರಣೆಯಾಗುವುದಿಲ್ಲ. ಆದುದರಿಂದ ಬೀಳುತ್ತಿರುವ ಸ್ವಿಚ್ ಯಾವುದು, ಯಾವ ಕಾರಣಕ್ಕೆ ಬೀಳುತ್ತಿದೆ ಎಂಬುದನ್ನು ಮೊದಲು ಗುರುತಿಸತಕ್ಕದ್ದು.

ಯಾವ ಸ್ವಿಚ್ ಬಿದ್ದಿದೆ?

ಪೆಟ್ಟಿಗೆಯಲ್ಲಿ ಸಾಲಾಗಿರುವ ಚಿಕ್ಕ ಸ್ವಿಚ್‌ಗಳು ಎಂ.ಸಿ.ಬಿ., ಅಂದರೆ ಮಿನಿಯೇಚರ್ ಸರ್ಕ್ಯೂಟ್ ಬ್ರೇಕರ್‌ಗಳು. ಒಂದೊಂದು ಎಂ.ಸಿ.ಬಿ. ಒಂದೊಂದು ಮಾರ್ಗವನ್ನು ಕಾಯುತ್ತದೆ. ಅವುಗಳ ಪಕ್ಕದಲ್ಲಿ ಕೊಂಚ ಅಗಲವಾದ, ‘ಟೆಸ್ಟ್’ ಗುಂಡಿ ಇರುವ ಸ್ವಿಚ್ ಇದ್ದಲ್ಲಿ ಅದು ಆರ್.ಸಿ.ಸಿ.ಬಿ. ಇವೆರಡರ ಕೆಲಸ ಬೇರೆ ಬೇರೆ. ಎಂ.ಸಿ.ಬಿ. ತಂತಿಯನ್ನು ರಕ್ಷಿಸುತ್ತದೆ, ಆರ್.ಸಿ.ಸಿ.ಬಿ. ಮನುಷ್ಯರನ್ನು ರಕ್ಷಿಸುತ್ತದೆ. ಹಲವು ಮನೆಗಳಲ್ಲಿ ಎರಡನ್ನೂ ‘ಟ್ರಿಪ್ಪರ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ದೂರು ನೀಡುವಾಗಲೂ ಗೊಂದಲವಾಗುತ್ತದೆ.

ಎಂ.ಸಿ.ಬಿ. ಬೀಳುತ್ತಿದ್ದಲ್ಲಿ

ಎಂ.ಸಿ.ಬಿ.ಯ ಒಳಗೆ ಎರಡು ವ್ಯವಸ್ಥೆಗಳಿವೆ. ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಹೆಚ್ಚಿನ ಪ್ರವಾಹದಿಂದ ನಿಧಾನವಾಗಿ ಕಾದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಒಂದು ಸುರುಳಿಯು ಶಾರ್ಟ್ ಸರ್ಕ್ಯೂಟ್ ಆದ ಕ್ಷಣದಲ್ಲೇ ಬೀಳಿಸುತ್ತದೆ. ಆದ್ದರಿಂದ ಬೀಳಲು ತೆಗೆದುಕೊಂಡ ಸಮಯವೇ ಕಾರಣವನ್ನು ಬಹುಮಟ್ಟಿಗೆ ತಿಳಿಸುತ್ತದೆ.

ಅಡುಗೆಮನೆಯ ಒಂದೇ ಮಾರ್ಗದಲ್ಲಿ 2000 ವ್ಯಾಟ್‌ನ ಇಂಡಕ್ಷನ್ ಒಲೆ, 1500 ವ್ಯಾಟ್‌ನ ಕೆಟಲ್ ಹಾಗೂ 2000 ವ್ಯಾಟ್‌ನ ಓವನ್ ಒಟ್ಟಿಗೆ ನಡೆಯುತ್ತಿವೆ ಎಂದುಕೊಳ್ಳೋಣ. 230 ವೋಲ್ಟ್‌ನಲ್ಲಿ ಇವು ಸುಮಾರು 24 ಆಂಪಿಯರ್ ಪ್ರವಾಹವನ್ನು ಎಳೆಯುತ್ತವೆ. ಮಾನಕದ ಪ್ರಕಾರ 16 ಆಂಪಿಯರ್‌ನ ಎಂ.ಸಿ.ಬಿ. ಸುಮಾರು 18 ಆಂಪಿಯರ್‌ನಲ್ಲಿ ಒಂದು ಗಂಟೆಯ ಕಾಲ ಬೀಳದೆ ನಿಲ್ಲಬೇಕು. ಸುಮಾರು 23 ಆಂಪಿಯರ್‌ನಲ್ಲಿ ಒಂದು ಗಂಟೆಯೊಳಗೆ ಬೀಳಲೇಬೇಕು. ಇಲ್ಲಿ ಅದು ಕೆಲವು ನಿಮಿಷಗಳ ನಂತರ ಬಿದ್ದರೆ ದೋಷ ಎಂ.ಸಿ.ಬಿ.ಯದಲ್ಲ, ಅದು ತನ್ನ ಕರ್ತವ್ಯವನ್ನು ನಿರ್ವಹಿಸಿದೆ. ಕಾದ ಪಟ್ಟಿ ತಣಿಯುವವರೆಗೆ ಸ್ವಿಚ್ ಮೇಲೆ ನಿಲ್ಲದಿರುವುದೂ ಉಂಟು. ಉಪಕರಣಗಳನ್ನು ಸರದಿಯಂತೆ ಬಳಸುವುದು, ಇಲ್ಲವೇ ಓವನ್‌ಗೆ ಪ್ರತ್ಯೇಕ ಮಾರ್ಗ ಎಳೆಸುವುದು ಇದಕ್ಕೆ ಪರಿಹಾರ.

16ರ ಬದಲು 32 ಆಂಪಿಯರ್ ಹಾಕಿಸಿದರೆ ಬೀಳುವುದು ನಿಲ್ಲುತ್ತದೆ, ನಿಜ. ಆದರೆ ಗೋಡೆಯೊಳಗಿನ ತಂತಿ ಹಳೆಯದೇ ಆಗಿರುತ್ತದೆ. ಮನೆಗಳ ತಾಮ್ರದ ವೈರಿಂಗ್‌ನಲ್ಲಿ ಸಾಮಾನ್ಯವಾಗಿ ದೀಪ ಹಾಗೂ ಫ್ಯಾನ್‌ಗಳ 1.5 ಚದರ ಮಿ.ಮೀ. ತಂತಿಗೆ 6 ಅಥವಾ 10 ಆಂಪಿಯರ್, ಪವರ್ ಸಾಕೆಟ್‌ನ 2.5 ಚದರ ಮಿ.ಮೀ. ತಂತಿಗೆ 16 ಆಂಪಿಯರ್, ಗೀಸರ್ ಹಾಗೂ ಹವಾನಿಯಂತ್ರಕದ 4 ಚದರ ಮಿ.ಮೀ. ತಂತಿಗೆ 20 ಅಥವಾ 25 ಆಂಪಿಯರ್‌ನ ಎಂ.ಸಿ.ಬಿ. ಅಳವಡಿಸಲಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಒಂದೂವರೆ ಪಟ್ಟಾದರೆ ಶಾಖ ಎರಡು ಪಟ್ಟಿಗೂ ಹೆಚ್ಚು. ಪಿ.ವಿ.ಸಿ. ಹೊದಿಕೆ ಮೆತ್ತಗಾಗಿ, ಒಣಗಿ, ಕೊನೆಗೆ ಒಂದು ದಿನ ಪೈಪಿನೊಳಗೇ ಬೆಂಕಿ ಹೊತ್ತಿಕೊಳ್ಳುವವರೆಗೆ ಮನೆಯವರ ಗಮನಕ್ಕೆ ಏನೂ ಬರದೇ ಇರಬಹುದು. ಹಿಂದೆ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹೆಚ್ಚಿನ ಆಂಪಿಯರ್‌ನ ಎಂ.ಸಿ.ಬಿ. ಬೇಕಾದಲ್ಲಿ ಅದಕ್ಕೆ ತಕ್ಕ ತಂತಿಯನ್ನು ಮೊದಲು ಎಳೆಸತಕ್ಕದ್ದು.

ಮೇಲೆತ್ತಿದ ಕ್ಷಣದಲ್ಲೇ ಸ್ವಿಚ್ ಬಿದ್ದಲ್ಲಿ ಅದು ಬಹುತೇಕ ಶಾರ್ಟ್ ಸರ್ಕ್ಯೂಟ್. ಒಮ್ಮೆ ಎತ್ತಿ ನೋಡಬಹುದು. ಮತ್ತೆ ಬಿದ್ದರೆ ಪುನಃ ಎತ್ತಬಾರದು, ಸ್ವಿಚ್ ಬೀಳದಂತೆ ಕೈಯಿಂದ ಒತ್ತಿ ಹಿಡಿಯುವುದಾಗಲೀ ಅಂಟುಪಟ್ಟಿ ಹಚ್ಚುವುದಾಗಲೀ ಕೂಡದು. ನೀರಿನ ಪಂಪ್ ಪ್ರಾರಂಭವಾಗುವಾಗ ಮಾತ್ರ ಬೀಳುತ್ತಿದ್ದರೆ ಕಾರಣ ಬೇರೆ ಇರಬಹುದು: ಮೋಟಾರು ಮೊದಲ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ‘ಬಿ’ ಮಾದರಿಯ ಎಂ.ಸಿ.ಬಿ. 3ರಿಂದ 5 ಪಟ್ಟಿಗೆ, ‘ಸಿ’ ಮಾದರಿಯದು 5ರಿಂದ 10 ಪಟ್ಟಿಗೆ ತಕ್ಷಣ ಬೀಳುತ್ತದೆ. ಅಂತಹ ಮಾರ್ಗಕ್ಕೆ ಅದೇ ಆಂಪಿಯರ್‌ನ ‘ಸಿ’ ಮಾದರಿ ಸೂಕ್ತವೇ ಎಂಬುದನ್ನು ಗುತ್ತಿಗೆದಾರರಲ್ಲಿ ವಿಚಾರಿಸಬಹುದು. ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂದಲ್ಲಿ ಅಥವಾ ಸ್ವಿಚ್‌ನ ಮೈ ಕಂದಾಗಿದ್ದಲ್ಲಿ ಯಾವ ಪರೀಕ್ಷೆಯೂ ಬೇಡ. ಮುಖ್ಯ ಸ್ವಿಚ್ಚನ್ನು ಆರಿಸಿ ಪರಿಣತರನ್ನು ಕರೆಸತಕ್ಕದ್ದು.

ಆರ್.ಸಿ.ಸಿ.ಬಿ. ಬೀಳುತ್ತಿದ್ದಲ್ಲಿ

ಹೆಚ್ಚಿನ ಎಚ್ಚರಿಕೆ ಇಲ್ಲಿ ಅಗತ್ಯ. ಫೇಸ್‌ನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್‌ನಲ್ಲಿ ಹಿಂತಿರುಗದೆ ಸ್ವಲ್ಪ ಭಾಗ ಭೂಮಿಗೆ ಸೋರಿದಲ್ಲಿ ಈ ಸಾಧನ ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು ಇರುತ್ತದೆ. 230 ವೋಲ್ಟ್‌ನಲ್ಲಿ ಇದು 7 ವ್ಯಾಟ್‌ಗೂ ಕಡಿಮೆ, ಒಂದು ಸಣ್ಣ ಎಲ್.ಇ.ಡಿ. ದೀಪದಷ್ಟು. ಬಿಲ್ಲಿನಲ್ಲಿ ಅದು ಕಾಣದು, ಎಂ.ಸಿ.ಬಿ.ಗೂ ತಿಳಿಯದು, ಆದರೆ ಅದೇ ಪ್ರವಾಹ ಮನುಷ್ಯನ ದೇಹದ ಮೂಲಕ ಹಾದುಹೋದಲ್ಲಿ ಪ್ರಾಣಾಪಾಯ ಉಂಟಾಗಬಹುದು. ತೊಂದರೆ ತಪ್ಪಿಸಿಕೊಳ್ಳಲು ಆರ್.ಸಿ.ಸಿ.ಬಿ.ಯನ್ನೇ ಕಳಚಿ ತಂತಿಗಳನ್ನು ನೇರವಾಗಿ ಜೋಡಿಸಿಕೊಂಡ ಮನೆಯಲ್ಲಿ, ಸೋರುತ್ತಿರುವ ಗೀಸರ್‌ನ ಅರ್ಥಿಂಗ್ ಕೂಡ ಸರಿಯಿಲ್ಲದಿದ್ದರೆ, ನಲ್ಲಿಯ ನೀರನ್ನು ಮುಟ್ಟಿದವರೇ ಆ ಸೋರಿಕೆಯನ್ನು ಪತ್ತೆ ಮಾಡಬೇಕಾಗುತ್ತದೆ.

ಸೋರಿಕೆಯ ಮೂಲವನ್ನು ಹುಡುಕುವಾಗ ಉಪಕರಣಗಳ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್‌ಗಳನ್ನೇ ಕಳಚಬೇಕು. ಗೋಡೆಯ ಸ್ವಿಚ್ಚಾಗಲೀ ಒಂಟಿ ಧ್ರುವದ ಎಂ.ಸಿ.ಬಿ.ಯಾಗಲೀ ಫೇಸನ್ನು ಮಾತ್ರ ಕಡಿತಗೊಳಿಸುತ್ತದೆ. ನ್ಯೂಟ್ರಲ್ ಸಂಪರ್ಕ ಹಾಗೆಯೇ ಉಳಿಯುತ್ತದೆ. ಉಪಕರಣದೊಳಗೆ ನ್ಯೂಟ್ರಲ್ ಭೂಸಂಪರ್ಕಕ್ಕೆ ತಾಗಿದ್ದಲ್ಲಿ ಸ್ವಿಚ್ ಆರಿಸಿದ್ದರೂ ಆರ್.ಸಿ.ಸಿ.ಬಿ. ಬೀಳಬಲ್ಲದು. ಎಲ್ಲ ಪ್ಲಗ್ ಕಳಚಿ, ಎಲ್ಲ ಎಂ.ಸಿ.ಬಿ. ಕೆಳಗಿಳಿಸಿ, ಒಣಗಿದ ಕೈಯಿಂದ ಆರ್.ಸಿ.ಸಿ.ಬಿ.ಯನ್ನು ಎತ್ತಿ, ಅನಂತರ ಎಂ.ಸಿ.ಬಿ.ಗಳನ್ನು ಒಂದೊಂದಾಗಿ, ಕೊನೆಗೆ ಉಪಕರಣಗಳನ್ನು ಒಂದೊಂದಾಗಿ ಸೇರಿಸುತ್ತಾ ಬಂದಲ್ಲಿ ಯಾವುದರಲ್ಲಿ ಬೀಳುತ್ತದೋ ದೋಷವಿರುವುದು ಅಲ್ಲಿ. ಗೀಸರ್‌ನ ಕಾಯಿಸುವ ಸುರುಳಿ, ಇಸ್ತ್ರಿಪೆಟ್ಟಿಗೆ, ಹಳೆಯ ಫ್ರಿಜ್ ಮತ್ತು ಕೊಳವೆಬಾವಿಯ ಪಂಪ್‌ನ ಕೇಬಲ್ ಜೋಡಣೆ ಹೆಚ್ಚಾಗಿ ಸಿಕ್ಕಿಬೀಳುವ ವಸ್ತುಗಳು.

ಏನನ್ನೂ ಸೇರಿಸದಿದ್ದರೂ ಬಿದ್ದಲ್ಲಿ ದೋಷ ವೈರಿಂಗ್‌ನಲ್ಲಿದೆ. ಕರಾವಳಿ ಹಾಗೂ ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಮಾತ್ರ ಬಿದ್ದು, ಬಿಸಿಲು ಬಂದ ಮೇಲೆ ತಾನಾಗಿ ಸರಿಯಾಗುವುದಿದ್ದರೆ ಹೊರಗೋಡೆಯ ದೀಪ, ಗೇಟಿನ ಬೆಲ್ ಹಾಗೂ ತೇವ ಹಿಡಿದ ಸ್ವಿಚ್ ಪೆಟ್ಟಿಗೆಗಳನ್ನು ಮೊದಲು ಪರಿಶೀಲಿಸಬೇಕು. ಬಿಸಿಲಿನಲ್ಲಿ ಸರಿಯಾದ ಮಾತ್ರಕ್ಕೆ ದೋಷ ಹೋಯಿತೆಂದು ತಿಳಿಯಬಾರದು. ಹೊಸದಾಗಿ ಯು.ಪಿ.ಎಸ್. ಅಳವಡಿಸಿದ ದಿನದಿಂದ ಬೀಳಲಾರಂಭಿಸಿದ್ದಲ್ಲಿ, ಯು.ಪಿ.ಎಸ್. ಮಾರ್ಗದ ನ್ಯೂಟ್ರಲ್ಲನ್ನು ಮನೆಯ ಇತರ ನ್ಯೂಟ್ರಲ್‌ಗಳೊಂದಿಗೆ ತಪ್ಪಾಗಿ ಸೇರಿಸಿರುವ ಸಂಭವವೇ ಹೆಚ್ಚು; ಉಪಕರಣಗಳನ್ನು ದುರಸ್ತಿಗೆ ಒಯ್ಯುವ ಮುನ್ನ ಅದನ್ನು ಸರಿಪಡಿಸಬೇಕು.

ಆರ್.ಸಿ.ಸಿ.ಬಿ.ಯ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವುದು ಒಳ್ಳೆಯದು. ಒತ್ತಿದಾಗ ಬೀಳದಿದ್ದಲ್ಲಿ ಸಾಧನವನ್ನು ಬದಲಿಸಬೇಕು. ಈ ಗುಂಡಿ ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ, ಮನೆಯ ಅರ್ಥಿಂಗ್ ಅನ್ನು ಪರೀಕ್ಷಿಸುವುದಿಲ್ಲ.

ಯಾರಿಗೆ ದೂರು, ಯಾವುದಕ್ಕೆ ಅರ್ಜಿ

ಮೀಟರ್ ಹಾಗೂ ಅದರ ಹಿಂದಿನ ಸರ್ವಿಸ್ ಮಾರ್ಗದ ದೋಷಗಳನ್ನು ವಿದ್ಯುತ್ ಸರಬರಾಜು ಕಂಪನಿ ನೋಡಿಕೊಳ್ಳುತ್ತದೆ; ಗ್ರಾಹಕರ ಮುಖ್ಯ ಸ್ವಿಚ್‌ನಿಂದ ಮುಂದಿನ ವೈರಿಂಗ್ ಗ್ರಾಹಕರ ಹೊಣೆ. ಮನೆಯ ದೀಪಗಳು ಒಮ್ಮೆಲೇ ಅತಿ ಪ್ರಕಾಶವಾಗಿ ಉರಿದಲ್ಲಿ, ಅಥವಾ ಕೆಲವು ಮಂಕಾಗಿ ಕೆಲವು ಪ್ರಖರವಾಗಿ ಕಂಡಲ್ಲಿ ಅದು ನ್ಯೂಟ್ರಲ್ ಕಡಿದಿರುವ ಲಕ್ಷಣ. ಎಂ.ಸಿ.ಬಿ. ಇದನ್ನು ತಡೆಯುವುದಿಲ್ಲ. ಕೂಡಲೇ ಮುಖ್ಯ ಸ್ವಿಚ್ ಆರಿಸಿ ಸಹಾಯವಾಣಿ 1912ಕ್ಕೆ ಕರೆ ಮಾಡತಕ್ಕದ್ದು. ಕರೆ ಮಾಡುವಾಗ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಕೈಯಲ್ಲಿರಲಿ.

ಹೆಚ್ಚುವರಿ ಭಾರಕ್ಕೆ ಅರ್ಜಿ ಸಲ್ಲಿಸುವುದು ಮನೆಯ ಒಟ್ಟು ಬಳಕೆಯೇ ಮಂಜೂರಾದ ಭಾರವನ್ನು ಮೀರುವಾಗ. 3 ಕಿಲೋವ್ಯಾಟ್ ಮಂಜೂರಾತಿ ಎಂದರೆ ಸುಮಾರು 13 ಆಂಪಿಯರ್. ಒಂದು 3000 ವ್ಯಾಟ್‌ನ ಗೀಸರ್ ಒಂದೇ ಅದನ್ನು ತುಂಬಿಬಿಡುತ್ತದೆ. ಮುಖ್ಯ ಎಂ.ಸಿ.ಬಿ. ಹಲವು ಉಪಕರಣಗಳು ಒಟ್ಟಿಗೆ ನಡೆಯುವಾಗ ಮಾತ್ರ ಬೀಳುತ್ತಿದ್ದು, ಮಾರ್ಗಗಳ ಎಂ.ಸಿ.ಬಿ.ಗಳು ನಿಂತೇ ಇದ್ದಲ್ಲಿ, ಸಂಬಂಧಪಟ್ಟ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಒಂದು ಕೋಣೆಯ ಎಂ.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಬೀಳುತ್ತಿದ್ದಲ್ಲಿ ಈ ಅರ್ಜಿಯಿಂದ ಪ್ರಯೋಜನವಿಲ್ಲ.

ವೈರಿಂಗ್ ಬದಲಾವಣೆ, ಹೊಸ ಮಾರ್ಗ ಹಾಗೂ ಸಾಮರ್ಥ್ಯವನ್ನು ಬದಲಿಸುವ ಕೆಲಸಗಳನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳ ಮೇರೆಗೆ ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕೆಲಸ ಮುಗಿದ ನಂತರ 500 ವೋಲ್ಟ್‌ನ ಮೆಗ್ಗರ್‌ನಿಂದ ತಂತಿಗಳ ನಿರೋಧವನ್ನು ಅಳೆಯಿಸಿ, ಬಂದ ಅಂಕಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಅದು 1 ಮೆಗಾಓಮ್‌ಗಿಂತ ಕಡಿಮೆ ಇದ್ದಲ್ಲಿ ಕೆಲಸ ಮುಗಿದಿಲ್ಲವೆಂದೇ ತಿಳಿಯತಕ್ಕದ್ದು.