ಸಾಹಸ ಸಾಬುವಿಗೆ, ಪ್ರಣಯ ಪರರಿಗೆ

ಬಾಗ್ದಾದಿನ ದೊರೆ ಅಹ್ಮದನನ್ನು ಸೆರೆಯಿಂದ ಬಿಡಿಸುವವನು ಪುಟ್ಟ ಕಳ್ಳ ಅಬು. ದೈತ್ಯ ಜೇಡದೊಡನೆ ಸೆಣಸಿ ಎಲ್ಲವನ್ನೂ ತೋರುವ ಮಣಿಯನ್ನು ಕದ್ದು ತರುವವನು, ಹಾರುವ ಜಮಖಾನದ ಮೇಲೆ ಬಂದು ಬಾಣ ಬಿಟ್ಟು ಮಾಂತ್ರಿಕ ಜಾಫರನನ್ನು ಕೊಲ್ಲುವವನೂ ಅವನೇ. ರಾಜಕುಮಾರಿ ಒಲಿಯುವುದು ಮಾತ್ರ ಅಹ್ಮದನಿಗೆ!

1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದ ಕತೆಯಿದು. ಲಂಡನ್ ಬಳಿಯ ಡೆನ್ಹಮ್ ಸ್ಟುಡಿಯೋದಲ್ಲಿ ಆರಂಭವಾಗಿ, ಎರಡನೇ ಮಹಾಯುದ್ಧದ ಕಾರಣ ಹಾಲಿವುಡ್‌ನಲ್ಲಿ ಮುಗಿದ ಈ ಚಿತ್ರಕ್ಕೆ ಮೂರು ಆಸ್ಕರ್ ಬಂದವು. ಅಹ್ಮದ್ ಆದವರು ಇಂಗ್ಲೆಂಡಿನ ಜಾನ್ ಜಸ್ಟಿನ್. ರಾಜಕುಮಾರಿ, ಜೂನ್ ಡುಪ್ರೆ. ಅಬು ಆದವನು ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಸಾಬು.

ಆನೆಲಾಯದಿಂದ ಡೆನ್ಹಮ್‌ಗೆ

1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು ಎಳವೆಯಲ್ಲೇ ತಬ್ಬಲಿಯಾದ. ಕಿಪ್ಲಿಂಗ್ ಕತೆಯನ್ನು ಚಿತ್ರವಾಗಿಸಲು ರಾಬರ್ಟ್ ಫ್ಲಾಹರ್ಟಿ ತಂಡ ಮೈಸೂರಿಗೆ ಬಂದಾಗ ಛಾಯಾಗ್ರಾಹಕ ಆಸ್ಮಂಡ್ ಬೊರಡೈಲ್ ಕಣ್ಣಿಗೆ ಬಿದ್ದ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಆನೆಯ ಬೆನ್ನೇರಿ ನಿರಾಯಾಸವಾಗಿ ನಗುವ ಆ ಹುಡುಗನನ್ನು ಲೋಕವೇ ಮೆಚ್ಚಿತು.

ಭಾರತೀಯರ ಪಾತ್ರಕ್ಕೂ ಮುಖಕ್ಕೆ ಕಂದು ಬಣ್ಣ ಬಳಿದ ಬಿಳಿಯರನ್ನೇ ಹಾಕುತ್ತಿದ್ದ ಕಾಲವದು. 1939ರ ‘ಗಂಗಾ ದಿನ್’ನಲ್ಲಿ ನೀರು ಹೊರುವ ದಿನ್ ಆದವರು ನ್ಯೂಯಾರ್ಕಿನ ಸ್ಯಾಮ್ ಜ್ಯಾಫೆ. ಬ್ರಿಟಿಷ್ ಸಾಮ್ರಾಜ್ಯವನ್ನು ಹೊಗಳುವ ಆ ಚಿತ್ರವನ್ನು ಬಂಗಾಳ, ಬಾಂಬೆಗಳಲ್ಲಿ ನಿಷೇಧಿಸಲಾಯಿತು. ಸಾಬು ನಟಿಸಿದ ‘ದಿ ಡ್ರಮ್’ ವಿರುದ್ಧವೂ 1938ರಲ್ಲಿ ಪ್ರತಿಭಟನೆಗಳೆದ್ದವು. ನಮ್ಮ ಹುಡುಗ ಪರದೆ ಮೇಲಿದ್ದ ಮಾತ್ರಕ್ಕೆ ಸಾಮ್ರಾಜ್ಯದ ಹೊಗಳಿಕೆಯನ್ನು ನುಂಗಲು ಇಲ್ಲಿನ ಪ್ರೇಕ್ಷಕರು ಸಿದ್ಧರಿರಲಿಲ್ಲ.

ಒಬ್ಬನನ್ನು ತೋರಿಸಿ, ಒಬ್ಬಳನ್ನು ಮರೆಸಿ

ಸಾಬುವನ್ನು ಬೆಳೆಸಿದ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ 1939ರಲ್ಲಿ ಮದುವೆಯಾದದ್ದು ನಟಿ ಮರ್ಲ್ ಓಬೆರಾನ್‌ರನ್ನು. ಬಾಂಬೆಯಲ್ಲಿ ಹುಟ್ಟಿ, ಕಲ್ಕತ್ತದಲ್ಲಿ ಬೆಳೆದ ಮಿಶ್ರ ಮೂಲದ ಹೆಣ್ಣು ಆಕೆ. ತಾನು ಟಾಸ್ಮೇನಿಯಾದವಳೆಂದು ಜೀವಮಾನವಿಡೀ ಹೇಳಿಕೊಂಡರು. ಆ ಮರೆಯಲ್ಲೇ ‘ವದರಿಂಗ್ ಹೈಟ್ಸ್’ನ ನಾಯಕಿಯಾದರು. ಮೂಲ ಮುಚ್ಚಿಟ್ಟವರಿಗೆ ಪ್ರಣಯ ದಕ್ಕಿತು. ಮುಚ್ಚಿಡಲಾಗದ ಸಾಬುವಿಗೆ ಕಾಡು, ಆನೆ, ಜಮಖಾನಗಳಷ್ಟೇ ಉಳಿದವು.

ಇದು ಆಕಸ್ಮಿಕವಲ್ಲ. 1934ರಿಂದ ಬಿಗಿಯಾಗಿ ಜಾರಿಯಾದ ಹಾಲಿವುಡ್ ನೀತಿಸಂಹಿತೆ ಕರಿಯ–ಬಿಳಿಯರ ಪ್ರಣಯವನ್ನು ನಿಷೇಧಿಸಿತ್ತು. ಸ್ಟುಡಿಯೋಗಳು ಅದೇ ಅಂಜಿಕೆಯನ್ನು ಏಷ್ಯನ್ನರಿಗೂ ಚಾಚಿದವು. ‘ದಿ ಗುಡ್ ಅರ್ಥ್’ನ ಚೀನೀ ನಾಯಕಿಯ ಪಾತ್ರ ಚೀನೀ ಮೂಲದ ಆನಾ ಮೇ ವಾಂಗ್‌ಗೆ ಸಿಗದೆ ಬಿಳಿಯ ನಟಿ ಲೂಯಿಸ್ ರೈನರ್ ಪಾಲಾಯಿತು. 1942ರಿಂದ ಬಂದ ಯೂನಿವರ್ಸಲ್ ಸಂಸ್ಥೆಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಮೂರರಲ್ಲೂ ಪ್ರೇಮಿಗಳು ಜಾನ್ ಹಾಲ್ ಮತ್ತು ಮರಿಯಾ ಮಾಂಟೆಜ್; ಸಾಬು ಅವರ ನಂಬಿಗಸ್ತ ಗೆಳೆಯ. ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ (1947) ಅವನಿಗೊಬ್ಬ ಪ್ರೇಯಸಿಯೇನೋ ಸಿಕ್ಕಳು. ಆ ಭಾರತೀಯ ಹುಡುಗಿಯೂ ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್!

ಎರಡೂ ಕಡೆ ಮುಚ್ಚಿದ ಬಾಗಿಲು

ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾದ. ಯುದ್ಧವಿಮಾನದ ಗನ್ನರ್ ಆಗಿ ಹೋರಾಡಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪಡೆದ. ಆದರೆ ಯುದ್ಧ ಮುಗಿಸಿ ಬಂದವನಿಗೆ ವಯಸ್ಸಿಗೆ ತಕ್ಕ ಪಾತ್ರಗಳು ಸಿಗಲಿಲ್ಲ. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವನನ್ನು ಬಯಸಿದ್ದರು, ಕೆಲಸದ ಪರವಾನಗಿ ದೊರೆಯದೆ ಅದು ಸುನಿಲ್ ದತ್ ಪಾಲಾಯಿತು. 1963ರ ಡಿಸೆಂಬರ್ 2ರಂದು, 39ನೇ ವಯಸ್ಸಿಗೇ, ಹೃದಯಾಘಾತದಿಂದ ಸಾಬು ತೀರಿಕೊಂಡ.

ತೆರೆಯ ಮೇಲೆ ನಮ್ಮವರ ಮುಖ ಕಂಡರೆ ಸಾಲದು. ಆ ಮುಖಕ್ಕೆ ಪ್ರೀತಿಸುವ, ಮುನಿಯುವ, ಮನೆ ಕಟ್ಟುವ ಹಕ್ಕು ಕತೆಯಲ್ಲಿದೆಯೇ ಎಂದು ಕೇಳಬೇಕು. ಇದೇ ಪ್ರಶ್ನೆಯನ್ನು ನಮ್ಮ ಸಿನಿಮಾಗಳಿಗೂ ಕೇಳೋಣ: ಕಾಡಿನ ಮಕ್ಕಳು ನಮ್ಮ ಚಿತ್ರಗಳಲ್ಲಿ ದಾರಿ ತೋರಿಸುವುದಕ್ಕಷ್ಟೇ ಬರುತ್ತಾರೋ, ತಮ್ಮದೇ ಬದುಕಿನ ನಾಯಕರಾಗಿಯೋ? ಕನ್ನಡ ನಾಡಿನ ಸಿನಿಮಾ ಚರಿತ್ರೆ 1934ರ ‘ಸತಿ ಸುಲೋಚನ’ದಿಂದ ಹೊರಡುವುದು ಸರಿಯೇ. ಮೂರೇ ವರ್ಷಗಳ ನಂತರ ಲೋಕದ ತೆರೆಗೇರಿದ ಕಾರಾಪುರದ ಹುಡುಗನಿಗೂ ಅದರಲ್ಲಿ ಒಂದು ಪೂರ್ಣ ಅಧ್ಯಾಯ ಸಲ್ಲಬೇಕು.