ಉಪಕಾರಬುದ್ಧಿಯೂ ಸಂಕೋಚವೂ

ಊಟದ ಪಂಕ್ತಿಯಲ್ಲಿ ಕುಳಿತವರು ಉಪ್ಪನ್ನು ಇತ್ತ ಸರಿಸಿರೆಂದು ಪಕ್ಕದವರನ್ನು ಕೇಳುವುದೂ, ಕೈತುಂಬ ಸಾಮಾನು ಹಿಡಿದು ಬಂದವರಿಗೆ ಒಳಗಿದ್ದವರು ಎದ್ದುಬಂದು ಬಾಗಿಲು ತೆರೆಯುವುದೂ, ಬಸ್ಸಿನಲ್ಲಿ ನಿಂತವರ ಚೀಲವನ್ನು ಕುಳಿತವರು ಹೆಸರು ಊರು ಯಾವುದನ್ನೂ ವಿಚಾರಿಸದೆ ತಮ್ಮ ತೊಡೆಯ ಮೇಲೆ ಇರಿಸಿಕೊಳ್ಳುವುದೂ ನಮ್ಮ ಕಣ್ಣಿಗೆ ಎಷ್ಟು ಸಾಮಾನ್ಯವಾಗಿವೆಯೆಂದರೆ, ಇವುಗಳಲ್ಲಿ ಶಾಸ್ತ್ರವು ವಿಚಾರಮಾಡತಕ್ಕ ವಿಷಯವೇನಾದರೂ ಉಂಟೆಂದು ನಮಗೆ ತೋರುವುದೇ ಇಲ್ಲ. ಆದರೆ ಕಳೆದ ಐವತ್ತು ಅರುವತ್ತು ವರ್ಷಗಳಿಂದ ಮನೋವಿಜ್ಞಾನಿಗಳೂ ಸಮಾಜವಿಜ್ಞಾನಿಗಳೂ ಇಂತಹ ಕಿರಿಯ ಉಪಕಾರಗಳನ್ನೇ ಶ್ರದ್ಧೆಯಿಂದ ಪರಿಶೀಲಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಸಂಗತಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಲ್ಲಿ, ಮನುಷ್ಯನ ಉಪಕಾರಬುದ್ಧಿಗೆ ಅಡ್ಡಬರುವುದರಲ್ಲಿ ಹೃದಯದ ಕಾಠಿಣ್ಯಕ್ಕಿಂತ ಸಂಕೋಚದ ಪಾಲೇ ಹಿರಿದೆಂದು ನನಗೆ ದೃಢವಾಗಿ ತೋರುತ್ತದೆ.

ಮೊದಲು ಉಪಕಾರದ ಸಮೃದ್ಧಿಯನ್ನು ನೋಡೋಣ. ಜೊವಾನ್ನಿ ರೊಸ್ಸಿ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಐದು ಭೂಖಂಡಗಳ ಎಂಟು ಭಾಷೆಗಳ ಜನರ ನಿತ್ಯಜೀವನವನ್ನು, ಅಡುಗೆ, ಊಟ, ಕೆಲಸ, ಹರಟೆ ಮೊದಲಾದ ಸಂದರ್ಭಗಳಲ್ಲಿ ಚಿತ್ರೀಕರಿಸಿ, ಒಬ್ಬರು ಮತ್ತೊಬ್ಬರಿಂದ ಸಣ್ಣಪುಟ್ಟ ನೆರವನ್ನು ಬಯಸಿದ ಸಾವಿರಕ್ಕೂ ಮೇಲ್ಪಟ್ಟ ಪ್ರಸಂಗಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಅವರ ವರದಿಯ ಮೇರೆಗೆ, ಜನರು ಕೂಡಿರುವಾಗ ಸರಾಸರಿ ಎರಡು ನಿಮಿಷಕ್ಕೊಮ್ಮೆ ಯಾರಾದರೊಬ್ಬರಿಗೆ ಇನ್ನೊಬ್ಬರ ಸಹಾಯವು ಬೇಕಾಗುತ್ತದೆ. ಹಾಗೆ ಬೇಡಿದುದು ನಿರಾಕೃತವಾಗುವುದು ಒಮ್ಮೆಯಾದರೆ ಸಲ್ಲುವುದು ಏಳು ಬಾರಿ. ಇಲ್ಲವೆನ್ನುವವನು ಸಾಮಾನ್ಯವಾಗಿ ಕಾರಣವನ್ನು ಹೇಳುತ್ತಾನೆ. ಆಗಲೆನ್ನುವವನು ಏನನ್ನೂ ಹೇಳದೆ ಕೈನೀಡುತ್ತಾನೆ. ಕೊಡುವುದೇ ಸಹಜಸ್ಥಿತಿ, ಕೊಡದಿರುವುದಕ್ಕೆ ಮಾತ್ರ ಸಮಾಧಾನವನ್ನು ಹೇಳಬೇಕು ಎಂಬ ತಿಳಿವಳಿಕೆಯು ಲಾವೋಸಿನ ಹಳ್ಳಿಯಲ್ಲಿಯೂ ಇಟಲಿಯ ಮನೆಯಲ್ಲಿಯೂ ಒಂದೇ ಬಗೆಯಾಗಿ ಕಂಡುಬಂದಿತು. ಇದೇ ಪ್ರಸಂಗಗಳಲ್ಲಿ ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಿದವರಾದರೋ ನೂರಕ್ಕೆ ಐದಾರು ಮಂದಿ ಮಾತ್ರ. ಇಂಗ್ಲಿಷರೂ ಇಟಲಿಯವರೂ ಉಳಿದವರಿಗಿಂತ ಕೊಂಚ ಹೆಚ್ಚು. ತಂಬಿಗೆ ನೀರು ತಂದುಕೊಟ್ಟ ತಂಗಿಗೆ ನಮ್ಮ ಮನೆಗಳಲ್ಲಿ ಯಾರೂ ವಂದನೆ ಹೇಳುವುದಿಲ್ಲವಷ್ಟೆ. ಅದನ್ನು ಅಶಿಷ್ಟತೆಯೆಂದು ಎಣಿಸಿ ನೊಂದುಕೊಳ್ಳುವವರು ಈ ಎಂಟು ಸಮಾಜಗಳ ಸಾಕ್ಷ್ಯವನ್ನು ನೋಡಿ ಸಮಾಧಾನಪಡಬಹುದು. ಕೃತಜ್ಞತೆಯು ಅಲ್ಲಿ ಇಲ್ಲವೆಂದಲ್ಲ; ಪರಸ್ಪರ ನೆರವು ಉಸಿರಿನಷ್ಟು ನಿರಂತರವಾಗಿರುವೆಡೆಯಲ್ಲಿ ಅದನ್ನು ಕ್ಷಣಕ್ಷಣಕ್ಕೂ ನುಡಿಯಬೇಕೆಂದು ಯಾರಿಗೂ ತೋರುವುದಿಲ್ಲ.

ಈ ಪ್ರವೃತ್ತಿಯು ಎಳವೆಯಲ್ಲಿಯೇ ಮೊಳೆಯುತ್ತದೆ. ಜರ್ಮನಿಯ ಲೈಪ್‌ಜಿಗ್ ನಗರದ ವಿಜ್ಞಾನಿಗಳಾದ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೂವರೆ ವರ್ಷದ 24 ಮಕ್ಕಳ ಮುಂದೆ ಅಪರಿಚಿತನೊಬ್ಬನು ಕೈಯಿಂದ ವಸ್ತುವನ್ನು ಜಾರಿಸಿ ಅದನ್ನೆತ್ತಿಕೊಳ್ಳಲು ಹೆಣಗುವಂತೆಯೋ, ಕೈತುಂಬ ಹೊತ್ತು ಮುಚ್ಚಿದ ಕಪಾಟನ್ನು ತೆರೆಯಲಾರದೆ ನಿಲ್ಲುವಂತೆಯೋ ನಟಿಸಿದಾಗ, ಬಹುಮಾನವಾಗಲಿ ಹೊಗಳಿಕೆಯಾಗಲಿ ಇಲ್ಲದಿದ್ದರೂ, 22 ಮಕ್ಕಳು ಒಮ್ಮೆಯಾದರೂ ತಪ್ಪುಹೆಜ್ಜೆ ಇಡುತ್ತ ಬಂದು ನೆರವಾದರು. ಅದೇ ವಸ್ತುವನ್ನು ಬೇಕೆಂದೇ ಕೆಳಗೆ ಎಸೆದಾಗ ಅವು ಎತ್ತಿಕೊಡಲು ಅಷ್ಟಾಗಿ ಮುಂದಾಗಲಿಲ್ಲ.

ಹೀಗಿರುವಲ್ಲಿ, ನಡುಬೀದಿಯಲ್ಲಿ ಬಿದ್ದವನ ಸುತ್ತ ಜನರು ಕೈಕಟ್ಟಿ ನಿಲ್ಲುವುದುಂಟಷ್ಟೆ, ಅದೇಕೆ? ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತಂದವರು ಅಮೆರಿಕೆಯ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ. 1964ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕಿನ ತರುಣಿಯೊಬ್ಬಳು ತನ್ನ ಮನೆಯ ಬಳಿಯಲ್ಲಿಯೇ ಕೊಲೆಯಾದಾಗ, 38 ಮಂದಿ ನೋಡುತ್ತಲೇ ಸುಮ್ಮನಿದ್ದರೆಂದು ಪತ್ರಿಕೆಯೊಂದು ಬರೆದುದು ಲೋಕವನ್ನೆಲ್ಲ ತಲ್ಲಣಗೊಳಿಸಿತು. ಆ ವರದಿಯಲ್ಲಿ ಉತ್ಪ್ರೇಕ್ಷೆಯಿತ್ತೆಂದೂ, ಅಷ್ಟು ಮಂದಿ ಕಂಡಿರಲಿಲ್ಲವೆಂದೂ, ನೆರೆಯವಳೊಬ್ಬಳು ಓಡಿಬಂದು ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದುಕೊಂಡಿದ್ದಳೆಂದೂ ಬಹುಕಾಲದ ಮೇಲೆ ಸ್ಪಷ್ಟವಾಯಿತು. ಆದರೂ ಆ ವರದಿಯು ಹುಟ್ಟಿಸಿದ ಜಿಜ್ಞಾಸೆಯು ವ್ಯರ್ಥವಾಗಲಿಲ್ಲ. ಡಾರ್ಲಿ ಮತ್ತು ಲಟಾನೆಯವರು 1968ರಲ್ಲಿ ವಿದ್ಯಾರ್ಥಿಗಳನ್ನು ಬೇರೆಬೇರೆ ಕೊಠಡಿಗಳಲ್ಲಿ ಕುಳ್ಳಿರಿಸಿ, ಧ್ವನಿಯಂತ್ರದ ಮೂಲಕ ಪರಸ್ಪರ ಮಾತನಾಡುವ ಏರ್ಪಾಟನ್ನು ಮಾಡಿ, ಮಾತಿನ ನಡುವೆ ಒಬ್ಬನಿಗೆ ಮೂರ್ಛೆರೋಗವು ಬಂದಂತೆ ಧ್ವನಿಯನ್ನು ಕೇಳಿಸಿದರು. ತಾನೊಬ್ಬನೇ ಅದನ್ನು ಕೇಳುತ್ತಿರುವೆನೆಂದು ನಂಬಿದವರಲ್ಲಿ, ಆ ಧ್ವನಿ ನಿಲ್ಲುವುದರೊಳಗಾಗಿ ನೆರವಿಗೆ ಎದ್ದವರು ನೂರಕ್ಕೆ 85 ಮಂದಿ. ಇನ್ನೊಬ್ಬನೂ ಕೇಳುತ್ತಿದ್ದಾನೆಂದು ತಿಳಿದವರಲ್ಲಿ 62. ಬೇರೆ ನಾಲ್ವರು ಕೇಳುತ್ತಿದ್ದಾರೆಂದು ಭಾವಿಸಿದವರಲ್ಲಿ ಕೇವಲ 31. ಹೊಣೆಯು ಹಲವರಿಗೆ ಹಂಚಿಹೋದಂತೆಲ್ಲ ಒಬ್ಬೊಬ್ಬನ ಪಾಲಿಗೆ ಬರುವ ಭಾರವು ಹಗುರವಾಗುತ್ತ ಹೋಗುತ್ತದೆಂಬ ಸಿದ್ಧಾಂತವು ಇಲ್ಲಿಂದ ಪ್ರಖ್ಯಾತವಾಯಿತು.

ಆ ಪ್ರಬಂಧದ ಅಂಕಿಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರಲ್ಲಿ ಅಡಗಿರುವ ಒಂದು ಅವಲೋಕನವು ಅವುಗಳಿಗಿಂತ ಬೆಲೆಯುಳ್ಳದೆಂಬುದು ನನ್ನ ಎಣಿಕೆ. ಕಡೆಯತನಕ ಏಳದೆ ಕುಳಿತಿದ್ದವರ ಕೊಠಡಿಗೆ ಪ್ರಯೋಗಕರ್ತರು ಹೋದಾಗ, ಆ ವಿದ್ಯಾರ್ಥಿಗಳು ನಿರ್ಲಿಪ್ತರಾಗಿರಲಿಲ್ಲ. ಅವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು, ಆತನಿಗೆ ಏನೂ ಆಗಲಿಲ್ಲವಷ್ಟೆ ಎಂದು ಕಳವಳದಿಂದ ಕೇಳುತ್ತಿದ್ದರು. ನೆರವಿಗೆ ಎದ್ದವರಿಗಿಂತ ಏಳದವರೇ ಹೆಚ್ಚು ಕ್ಷೋಭೆಗೊಂಡಿದ್ದರು. ತಾನು ಓಡಿದರೆ ಅತಿಯಾದೀತೇ, ನಾಚಿಕೆಗೆ ಗುರಿಯಾದೇನೇ, ಆಗಲೇ ಯಾರಾದರೂ ಹೋಗಿರಬಹುದೇ ಎಂಬ ಸಂದೇಹಗಳು ಒಂದು ಕಡೆಗೂ, ಸಂಕಟಪಡುವವನ ಕೂಗು ಇನ್ನೊಂದು ಕಡೆಗೂ ಎಳೆಯುತ್ತಿರಲು, ಅವರು ಯಾವ ನಿಶ್ಚಯಕ್ಕೂ ಬರಲಾರದೆ ಕುಳಿತಲ್ಲಿಯೇ ಉಳಿದಿದ್ದರು. ಇಂಥವರನ್ನು ಕಲ್ಲೆದೆಯವರೆಂದು ಕರೆಯುವುದು ನ್ಯಾಯವಲ್ಲ.

ಪ್ರಯೋಗಶಾಲೆಯ ಹೊರಗಿನ ಸಾಕ್ಷ್ಯವು ಇನ್ನೂ ಆಶಾದಾಯಕವಾಗಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್, ನೆದರ್‌ಲ್ಯಾಂಡ್ಸಿನ ಆಂಸ್ಟರ್‌ಡ್ಯಾಂ, ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರಗಳ ಬೀದಿಯ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ಸಂಶೋಧಕರು ಪರೀಕ್ಷಿಸಿದಾಗ, ಹತ್ತರಲ್ಲಿ ಒಂಬತ್ತು ಕಡೆ ದಾರಿಹೋಕರಲ್ಲಿ ಒಬ್ಬರಾದರೂ ನಡುವೆ ಬಂದು ತಡೆಯಲು ಯತ್ನಿಸಿದ್ದರು. ಒಬ್ಬೊಬ್ಬನ ಮಟ್ಟಿಗೆ ಹಿಂಜರಿಕೆಯು ಇದ್ದರೂ, ಜನರು ಹೆಚ್ಚಿದ್ದಂತೆ ಯಾರಾದರೊಬ್ಬರು ಮುಂದಾಗುವ ಸಂಭವವೂ ಹೆಚ್ಚುತ್ತಿತ್ತು.

ಸಂಕೋಚದ ಜೊತೆಗಾರನೆಂದು ಅವಸರವನ್ನು ಹೇಳಬೇಕು. ಪ್ರಿನ್ಸ್‌ಟನ್ ಊರಿನಲ್ಲಿ ಧರ್ಮೋಪದೇಶಕರಾಗಲು ಓದುತ್ತಿದ್ದ 40 ತರುಣರನ್ನು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬವರು ಒಂದು ಭಾಷಣಕ್ಕಾಗಿ ಮತ್ತೊಂದು ಕಟ್ಟಡಕ್ಕೆ ಕಳುಹಿಸಿ, ದಾರಿಯ ಬಾಗಿಲೊಂದರಲ್ಲಿ ಕೆಮ್ಮುತ್ತ ಕುಸಿದು ಕುಳಿತ ಮನುಷ್ಯನೊಬ್ಬನನ್ನು ಇರಿಸಿದ್ದರು. ಸಾವಕಾಶವಿದ್ದವರಲ್ಲಿ ನೂರಕ್ಕೆ 63 ಮಂದಿಯೂ, ತಡವಾಯಿತೆಂದು ಧಾವಿಸುತ್ತಿದ್ದವರಲ್ಲಿ ನೂರಕ್ಕೆ 10 ಮಂದಿಯೂ ನೆರವಾದರೆಂದು 1973ರಲ್ಲಿ ವರದಿಯಾಯಿತು. ಅವರಲ್ಲಿ ಅರ್ಧದಷ್ಟು ಮಂದಿ ಮಾತನಾಡಬೇಕಾಗಿದ್ದುದು, ದಾರಿಯಲ್ಲಿ ಬಿದ್ದ ಅಪರಿಚಿತನನ್ನು ಉಪಚರಿಸಿದ, ಬೈಬಲಿನ ಸಮಾರ್ಯದವನ ಕಥೆಯನ್ನೇ ಕುರಿತು. ಆದರೂ ಆ ಕಥೆಯ ನೆನಪಿಗಿಂತ ಗಡಿಯಾರವೇ ಬಲವಾಗಿ ಕೆಲಸಮಾಡಿತು.

ವಿಪತ್ತಿನ ಮಾತು ಹಾಗಿರಲಿ. ಯಾವ ಅಪಾಯವೂ ಇಲ್ಲದ ಸಣ್ಣ ಉಪಕಾರಕ್ಕೂ ನಾವು ಹಿಂಜರಿಯುವುದೇಕೆಂಬುದನ್ನು ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಮನೋವಿಜ್ಞಾನಿಗಳು ವಿಚಾರಿಸಿದ್ದಾರೆ. ಶಿಕಾಗೊ ನಗರದ ಮಂಜಿನ ಮೇಲೆ ಜಾರುವ ಕ್ರೀಡಾಂಗಣದಲ್ಲಿ, ಚಳಿಗಾಲದ ದಿನ, ತಮಗೆ ದೊರೆತ ಬಿಸಿ ಚಾಕೊಲೇಟ್ ಪಾನೀಯವನ್ನು ಅಪರಿಚಿತರಿಗೆ ಕೊಟ್ಟುಬಿಡಲು ಅಲ್ಲಿದ್ದವರನ್ನು ಕೇಳಲಾಯಿತು. ಇದು ಪಡೆದವರಿಗೆ ಎಷ್ಟು ಸಂತೋಷವನ್ನು ತಂದೀತೆಂದು ಕೊಟ್ಟವರು ಊಹಿಸಿದ್ದಕ್ಕಿಂತ, ಪಡೆದವರು ಅನುಭವಿಸಿದ ಸಂತೋಷವು ಗಣನೀಯವಾಗಿ ಹೆಚ್ಚಾಗಿತ್ತು. ಕೊಡುವವನ ಗಮನವು ವಸ್ತುವಿನ ಮೇಲಿರುತ್ತದೆ; ಒಂದು ಲೋಟ ಪಾನೀಯದ ಬೆಲೆ ಎಷ್ಟು ಮಹಾ ಎಂದು ಅವನು ಲೆಕ್ಕಹಾಕುತ್ತಾನೆ. ಪಡೆಯುವವನಿಗೆ ಪಾನೀಯದೊಡನೆ, ಯಾರೋ ತನ್ನನ್ನು ನೆನೆದರೆಂಬ ಆತ್ಮೀಯತೆಯೂ ಬಂದು ಸೇರುತ್ತದೆ. ಈ ಎರಡನೆಯ ಪಾಲು ಕೊಡುವವನ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲವಾದ್ದರಿಂದ, ಎಷ್ಟೋ ಉಪಕಾರಗಳು ಮನಸ್ಸಿನಲ್ಲಿ ಹುಟ್ಟಿ ಕೈಗೆ ಇಳಿಯುವ ಮೊದಲೇ ಇಂಗಿಹೋಗುತ್ತವೆ.

ಕೇಳುವವನ ಸಂಕೋಚವೂ ಇದಕ್ಕೆ ಸರಿಜೋಡಿಯಾಗಿದೆ. ಪ್ರಶ್ನಾವಳಿಯೊಂದನ್ನು ಅಪರಿಚಿತರಿಂದ ತುಂಬಿಸಿಕೊಂಡು ಬರಬೇಕಾದ ವಿದ್ಯಾರ್ಥಿಗಳು ತಾವು ಎಷ್ಟು ಮಂದಿಯನ್ನು ಬೇಡಬೇಕಾದೀತೆಂದು ಎಣಿಸಿದ್ದರೋ, ಅದರ ಸುಮಾರು ಅರ್ಧದಷ್ಟು ಮಂದಿಯನ್ನು ಕೇಳುವಷ್ಟರಲ್ಲಿಯೇ ಕೆಲಸವು ಕೈಗೂಡಿತೆಂದು 2008ರಲ್ಲಿ ಫ್ಲಿನ್ ಮತ್ತು ಲೇಕ್ ಎಂಬವರು ತೋರಿಸಿದರು. ಪರರ ಸೌಜನ್ಯವನ್ನು ನಾವು ಕಡಮೆಯಾಗಿ ಅಳೆಯುವ ಈ ಅಭ್ಯಾಸಕ್ಕೆ 2019ರ ಇನ್ನೊಂದು ಬೃಹತ್ಪರೀಕ್ಷೆಯೂ ಸಾಕ್ಷಿ. ಭಾರತವೂ ಸೇರಿ 40 ದೇಶಗಳಲ್ಲಿ 17,000ಕ್ಕೂ ಮಿಕ್ಕ ಪರ್ಸುಗಳನ್ನು ಬೀದಿಯಲ್ಲಿ ಸಿಕ್ಕಿದವೆಂದು ಹೇಳಿ ಬ್ಯಾಂಕು, ಹೋಟೆಲು, ಅಂಚೆಕಚೇರಿ ಮೊದಲಾದೆಡೆಗಳ ನೌಕರರ ಕೈಗೆ ಕೊಟ್ಟುಬಂದಾಗ, ಒಡೆಯನಿಗೆ ಸುದ್ದಿ ಮುಟ್ಟಿಸಿದವರು ಹಣವಿಲ್ಲದ ಪರ್ಸುಗಳ ವಿಷಯದಲ್ಲಿ ನೂರಕ್ಕೆ 40, ಹಣವಿದ್ದವುಗಳ ವಿಷಯದಲ್ಲಿ 51. ಹಣವಿದ್ದರೆ ಮರಳಿಸುವವರು ಹೆಚ್ಚಾಗುವರೆಂದು ಜನಸಾಮಾನ್ಯರಾಗಲಿ ಅರ್ಥಶಾಸ್ತ್ರಜ್ಞರಾಗಲಿ ಊಹಿಸಿರಲಿಲ್ಲ.

ನಮ್ಮ ನಾಡಿನ ಅರವಟ್ಟಿಗೆಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಹಿರಿಮೆಯು ಹೊಸದಾಗಿ ಗೋಚರಿಸುತ್ತದೆ. ಹಳೆಯ ಶಿಲಾಶಾಸನಗಳಲ್ಲಿ ಕೆರೆ, ಬಾವಿ, ಸತ್ರಗಳೊಡನೆ ಹೆಸರಿಸಲ್ಪಡುವ ಈ ಧರ್ಮಕಾರ್ಯವು ಇಂದಿಗೂ ಬೇಸಗೆಯಲ್ಲಿ ದಾರಿಬದಿಯ ಚಪ್ಪರದ ಕೆಳಗೆ ಮಣ್ಣಿನ ಹರವಿಗಳಾಗಿ ಕಾಣಸಿಗುತ್ತದೆ. ಬಾಯಾರಿದವನು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ನೀರೆರೆಯುವವನು ಬಂದವನಿಗೆ ನೀರು ಬೇಕೋ ಬೇಡವೋ ಎಂದು ಅನುಮಾನಿಸಬೇಕಾಗಿಲ್ಲ. ಬೇಡುವವನ ಮತ್ತು ಕೊಡುವವನ ಸಂಕೋಚಗಳೆರಡನ್ನೂ ಹಿರಿಯರು ಒಂದೇ ಚಪ್ಪರದಿಂದ ನಿವಾರಿಸಿದ್ದರು.

ರಸ್ತೆಯ ಅಪಘಾತಗಳಲ್ಲಿ ಮಾತ್ರ ನಮ್ಮ ಜನರ ಹಿಂಜರಿಕೆಗೆ ಬೇರೊಂದು ಕಾರಣವೂ ಇತ್ತು. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಿದವನೇ ಠಾಣೆಗೂ ನ್ಯಾಯಾಲಯಕ್ಕೂ ಅಲೆಯಬೇಕಾದೀತೆಂಬ ಆ ಭಯವನ್ನು ಹೋಗಲಾಡಿಸಲು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. ಕರ್ನಾಟಕವು ಪ್ರತ್ಯೇಕ ಕಾಯಿದೆಯನ್ನೇ ರಚಿಸಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಮೇರೆಗೆ ರಚಿತವಾದ ನಿಯಮಗಳು, ಸದ್ಭಾವದಿಂದ ನೆರವಾದವನು ತನ್ನ ಹೆಸರು ವಿಳಾಸಗಳನ್ನು ತಿಳಿಸಲೇಬೇಕೆಂಬ ನಿರ್ಬಂಧವಿಲ್ಲವೆಂದು ಸ್ಪಷ್ಟಪಡಿಸಿದುವು. ಈ ಸಂಗತಿಯು ಪ್ರತಿಯೊಂದು ಬಸ್ಸು ನಿಲ್ದಾಣದ ಗೋಡೆಯ ಮೇಲೂ ದೊಡ್ಡ ಅಕ್ಷರಗಳಲ್ಲಿ ಇರಬೇಕೆಂಬುದು ನನ್ನ ಆಸೆ. ಅದರ ಕೆಳಗೆ, ಪ್ರಥಮ ಚಿಕಿತ್ಸೆಯನ್ನು ಕಲಿಸುವವರು ಡಾರ್ಲಿ ಮತ್ತು ಲಟಾನೆಯವರ ಪ್ರಯೋಗಕ್ಕೆ ಅನುಗುಣವಾಗಿಯೇ ಹೇಳಿಕೊಡುವ ಒಂದು ಕ್ರಮವನ್ನೂ ಬರೆಯಿಸಬಹುದು: ನೆರೆದ ಗುಂಪನ್ನು ಕುರಿತು ಯಾರಾದರೂ ಬನ್ನಿರೆಂದು ಕೂಗುವುದಕ್ಕೆ ಬದಲಾಗಿ, ಒಬ್ಬರ ಕಡೆಗೆ ಕೈತೋರಿ, ನೀಲಿ ಅಂಗಿಯ ಅಣ್ಣ, ನೀವು 108ಕ್ಕೆ ಕರೆಮಾಡಿ ಎಂದು ಹೇಳತಕ್ಕದ್ದು; ಹಾಗೆ ಹೇಳಿದೊಡನೆ ಹೊಣೆಯು ಗುಂಪನ್ನು ಬಿಟ್ಟು ಆ ಒಬ್ಬನ ಕೈಗೆ ಬರುತ್ತದೆ.