ನಿಮಗಿದು ಗೊತ್ತೆ? ವೃದ್ಧಾಪ್ಯ ವೇತನದಲ್ಲಿ ದಿಲ್ಲಿಯ ಪಾಲೆಷ್ಟು?

ಬಡ ವೃದ್ಧರಿಗೆ ಕೇಂದ್ರ ಸರಕಾರ ಮಾಸಾಶನ ಶುರು ಮಾಡಿದ್ದು 1995ರ ಆಗಸ್ಟ್ 15ರಂದು. ಆಗ ತಿಂಗಳಿಗೆ 75 ರೂಪಾಯಿ. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿ ಹೆಸರಿಟ್ಟಾಗ ಅದು 200 ರೂಪಾಯಿ ಆಗಿತ್ತು. 2011ರಲ್ಲಿ ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು, 80 ತುಂಬಿದವರ ಪಾಲು 500ಕ್ಕೆ ಏರಿತು. ಅದಕ್ಕಿಂತ ಚಿಕ್ಕವರಿಗೆ ಮಾತ್ರ ಇಂದಿಗೂ ಅದೇ 200! ದಿನಕ್ಕೆ ಏಳು ರೂಪಾಯಿಯೂ ಬೀಳದು. ಹೋಟೆಲಿನ ಒಂದು ಚಹಾಕ್ಕೂ ಸಾಲದು. ಹೆಚ್ಚಿಗೆ ಕೊಡುವುದು ಆಯಾ ರಾಜ್ಯದ ಮನಸ್ಸು, ಬೊಕ್ಕಸಕ್ಕೆ ಬಿಟ್ಟದ್ದು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಅರ್ಜಿ ಸಲ್ಲಿಸಲು ನಾಡಕಚೇರಿಗೆ ಹೋಗಿ. ಹಿರಿಯರ ಉಚಿತ ಸಹಾಯವಾಣಿ: 14567.